ಅಜ್ಜಿಯ ಒಸಡು ಎರಡೋ ಮೂರೋ

ಲೊಕ್ಕನಹಳ್ಳಿ ಶಾಲೆಯಲ್ಲಿ ಎರಡು ದಿನದ ಹಲ್ಲಿನ ಶಿಬಿರ. ಒಸಡು ಎಷ್ಟು ಸವೆದಿದೆ ಅಂತ ನೋಡಿ, ಒಂದರಿಂದ ನಾಲ್ಕರೊಳಗೆ ದರ್ಜೆ ಕೊಡಬೇಕು; ನಾಲ್ಕು ಅಂದರೆ ತೀರಾ ಸವೆದದ್ದು. ನಾನೂ ನನ್ನ ಜೊತೆಯ ಡಾಕ್ಟರೂ ಒಬ್ಬರಿಗೊಬ್ಬರು ತೋರಿಸದೆ ಬರೆಯಬೇಕು, ಮರುದಿನ ಅದೇ ಬಾಯನ್ನು ಮತ್ತೆ ನೋಡಬೇಕು. ಇಬ್ಬರ ಕಣ್ಣೂ ಒಂದೇ ಹೇಳುತ್ತದಾ ಅನ್ನೋ ಪರೀಕ್ಷೆ.

ಜೀವಮಾನವೆಲ್ಲ ಇದ್ದಿಲಲ್ಲಿ ಹಲ್ಲುಜ್ಜಿದ ಅಜ್ಜಿಯೊಬ್ಬರು ಬಂದರು. ನಾನು ಎರಡು ಬರೆದೆ, ಡಾಕ್ಟರು ಮೂರು. ಇದ್ದಿಲು ಬಿಡಿ ಅಂತ ಹೇಳಿ ಕಳಿಸಿದೆವು. ಮರುದಿನ ನಾನು ಮೂರು ಬರೆದೆ, ಅವರು ಎರಡು. ಎರಡೂ ದಿನದ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ಇಬ್ಬರೂ ಮತ್ತೆ ಮತ್ತೆ ನೋಡಿದೆವು.

"ಏನ್ ಸಾ, ಎಚ್ಚಾಗದಾ?" ಅಂದರು ಅಜ್ಜಿ.

"ನಿನ್ನೆ ಮೂರು ಅಂದಿದ್ದೆ, ಇವತ್ತು ಎರಡು," ಅಂದರು ಡಾಕ್ಟರು ಮೆಲ್ಲಗೆ.

ಅಜ್ಜಿಯ ಮುಖ ಅರಳಿತು. "ಬೆಳಗ್ಗೆ ಇದ್ದಿಲು ಮುಟ್ನಿಲ್ಲ ಸಾ. ಅದ್ಕೇ ಕಮ್ಮಿ ಆಗದ."

"ನನ್ನ ಪ್ರಕಾರ ಒಂದು ಹೆಚ್ಚಾಗಿದೆ ಅಜ್ಜಿ," ಅಂದೆ.

ಅಜ್ಜಿ ನನ್ನ ಕೆನ್ನೆ ಸವರಿದರು. "ನೀನು ಬೆಳಗ್ಗಿಂದ ಒಟ್ಟೆಗೇನೂ ತಿಂದಿಲ್ಲ ಕಣವ್ವ. ಕಣ್ಣು ಮಂಜಾಗದ." ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಹುರಿಗಡಲೆ ಕೊಟ್ಟರು.

ಡಾಕ್ಟರು ತಲೆಯಾಡಿಸಿದರು. ನಾನೂ ಒಪ್ಪಿ ತಿಂದೆ. ಎರಡು ದಿನದಲ್ಲಿ ಎಲ್ಲರೂ ಒಪ್ಪಿದ ರೋಗನಿರ್ಣಯ ಅದೊಂದೇ.