ಅಣ್ಣ ಎಳೆದ ಕೋನಾರ್ಧಕ

ನಮ್ಮ ಕಡೆ ಆಸ್ತಿ ಪಾಲಾಗುವಾಗ ಹಿರಿಯರು ಹಂಚಬೇಕು, ಕಿರಿಯರು ಮೊದಲು ಆರಿಸಿಕೊಳ್ಳಬೇಕು. ಮೋಸಕ್ಕೆ ಜಾಗವೇ ಇಲ್ಲದ ಪದ್ಧತಿ ಅಂತ ನಾನು ನಂಬಿದ್ದೆ. ಆಲೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳಿಗೆ ಇಂಥದ್ದು ಹಿಡಿಸದೇ ಇರುತ್ತದೆಯೇ?

ಯಸಳೂರು ಕಡೆಯ ನಮ್ಮ ಕಾಫಿ ತೋಟ ತ್ರಿಕೋನಾಕಾರದ್ದು. ಡಾಂಬರು ರಸ್ತೆಯೂ ಮಣ್ಣು ರಸ್ತೆಯೂ ಕೂಡುವ ಮೂಲೆಯಿಂದ ಶುರುವಾಗಿ ಕೆಳಗಿನ ಬೇಲಿಯವರೆಗೆ ಅಗಲವಾಗುತ್ತಾ ಹೋಗುತ್ತದೆ. ಡಾಂಬರಿನ ಬದಿ ಉದ್ದ, ಮಣ್ಣಿನ ಬದಿ ಗಿಡ್ಡ. ಆ ಗಿಡ್ಡ ಬದಿಯಲ್ಲೇ ಅವ್ವನನ್ನು ಮಣ್ಣು ಮಾಡಿದ್ದೇವೆ. ನಮ್ಮವರಲ್ಲಿ ಸ್ವಂತ ನೆಲದಲ್ಲೇ ಹೂಳುವುದು.

ಹೋದ ವರ್ಷ ಅಪ್ಪ, ತೋಟವನ್ನು ಅಣ್ಣನೂ ನಾನೂ ಸಮನಾಗಿ ಹಂಚಿಕೊಳ್ಳಬೇಕು ಅಂದರು. ಆ ದಿನ ಅಣ್ಣ ಮೂಲೆಯಲ್ಲಿ ಗೂಟ ಹೊಡೆದು, ಹಗ್ಗವನ್ನೇ ಕೈವಾರ ಮಾಡಿಕೊಂಡು, ಎರಡೂ ರಸ್ತೆಯ ಅಂಚಿನಲ್ಲಿ ಒಂದೇ ದೂರಕ್ಕೆ ಗುರುತು ಹಾಕಿದ. ಆ ಗುರುತುಗಳಿಂದ ಮತ್ತೆ ಕಂಸ ಎಳೆದು, ಅವು ಕೂಡಿದ ಕಡೆಗೆ ಮೂಲೆಯಿಂದ ಹಗ್ಗ ಬಿಗಿದ. ಅಪ್ಪಟ ಕೋನಾರ್ಧಕ! ಮಗಳ ಪುಸ್ತಕ ನೋಡಿ ಕಲಿತನಂತೆ. ನನಗಂತೂ ಹೆಮ್ಮೆಯಾಯಿತು.

"ಎರಡು ಕಡೆನೂ ಒಂದೇ ಕೋನ ಐತೆ. ಆರಿಸ್ಕೊ" ಅಂದ.

ಹಗ್ಗದ ಜಾಡು ಹಿಡಿದು ಬೇಲಿಯವರೆಗೆ ಇಳಿದು, ಎರಡೂ ಕಡೆಯ ಬೇಲಿಯನ್ನು ಹೆಜ್ಜೆ ಹಾಕಿ ಅಳೆದೆ. ಕೋನ ಸಮವಾಗಿತ್ತು, ನೆಲ ಆಗಿರಲಿಲ್ಲ. ಬದಿಗಳು ಸಮವಿಲ್ಲದಿದ್ದರೆ ಕೋನಾರ್ಧಕ ಉದ್ದದ ಬದಿಗೇ ಹೆಚ್ಚು ನೆಲ ಕೊಡುತ್ತದೆ. ಪಾಪ, ಅಣ್ಣ ಎಡವಿದ್ದಾನೆ, ನಾನು ಡಾಂಬರಿನ ಕಡೆ ಆರಿಸಿಬಿಟ್ಟರೆ ಅವನ ಗತಿಯೇನು ಅಂತ ಗಾಬರಿಯಾಗಿ ಏದುಸಿರು ಬಿಡುತ್ತಾ ಮೇಲೆ ಬಂದೆ.

"ಅಣ್ಣಾ, ಇದು ತಪ್ಪಾಗೈತೆ. ಬೇಲಿಯ ಮಧ್ಯಬಿಂದು ಹುಡುಕಿ ಅಲ್ಲಿಂದ ಮೂಲೆಗೆ ಗೆರೆ ಎಳೀಬೇಕು, ಆಗ ಸಮ. ಈಗ ಡಾಂಬರಿನ ಕಡೆಗೆ ಜಾಸ್ತಿ ಹೋಗ್ಬುಟ್ಟೈತೆ."

ಅವನು ಉಳಿದ ಹಗ್ಗ ಸುತ್ತುತ್ತಲೇ ಇದ್ದ. "ಗೊತ್ತು ಕಣವ್ವ. ಅದ್ಕೇನೀಗ? ನೀನು ಹೆಂಗಿದ್ರೂ ಅವ್ವನ ಕಡೇದೇ ತಾನೆ ತಗೊಳ್ಳೋದು?"

ಗೊತ್ತಂತೆ! ನಾನು ಅವ್ವನನ್ನು ಬಿಟ್ಟುಕೊಡುವವಳಲ್ಲ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿದೇ ಅವನು ಗೂಟ ಹೊಡೆದಿದ್ದ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಇದೇ ತೋಟ ಸುತ್ತಿಸಿದವನು. ಸಿಟ್ಟು ನೆತ್ತಿಗೇರಿತು.

"ಡಾಂಬರಿನ ಕಡೇದು ನಂಗೆ" ಅಂದೆ.

ಅಣ್ಣನ ಕೈ ನಿಂತಿತು. "ಮತ್ತೆ ಅವ್ವ?"

"ಅವ್ವ ನಿಂಗೂ ಅವ್ವನೇ."

ಅವನು ಬಿಗಿದ ಹಗ್ಗ ಬಿಚ್ಚಿ, "ಆ ಮಧ್ಯಬಿಂದು ಎಲ್ಲಿ ಬರ್ತೈತೆ, ತೋರ್ಸು ಬಾ" ಅಂದ. ತೋರಿಸಿದೆ. ನೆಲ ಸಮವಾಯಿತು. ಆದರೆ ಆರಿಸಿ ಆಡಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅವನೂ ಕೇಳಲಿಲ್ಲ. ಈಗ ಅವ್ವನ ಬಳಿ ಹೋಗಬೇಕೆಂದರೆ ಅಣ್ಣನ ಗೇಟಿನ ಮುಂದೆ ನಿಂತು ಕೂಗಬೇಕು.