ಎರಿಬೂತದ ಕಣ್ಣು

ಇಂಥ ಬರಹಗಳನ್ನು ಓದಿ ನಗುತ್ತಿದ್ದವನು ನಾನು. ಯಾರಿಗೋ ಏನೋ ಕಂಡಿತಂತೆ, ಯಾರೋ ಕರೆದ ಹಾಗಾಯಿತಂತೆ ಎಂದು ಮಾತು ಶುರುವಾದ ಕೂಡಲೇ, "ಬೆಳಕು ಎಷ್ಟಿತ್ತು? ಎಷ್ಟು ದೂರದಲ್ಲಿತ್ತು?" ಎಂದು ಕೇಳಿ ಹೇಳುವವರ ಉತ್ಸಾಹಕ್ಕೆ ತಣ್ಣೀರೆರಚುವುದು ನನ್ನ ಚಾಳಿ. ಹಾವೇರಿಯಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಮನುಷ್ಯನ ಕಣ್ಣು ಎಷ್ಟು ಸಲೀಸಾಗಿ ಮೋಸ ಹೋಗುತ್ತದೆ ಎಂಬುದನ್ನು ದಿನಾ ನೋಡುವವನು. ಅದಕ್ಕೇ ನಾಲ್ಕು ವರ್ಷದ ಹಿಂದೆ ನನಗೇ ಆದದ್ದನ್ನು ಇಲ್ಲಿಯವರೆಗೆ ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳಿದರೆ ಕೇಳಿದವರೂ ಅದೇ ಪ್ರಶ್ನೆ ಹಾಕುತ್ತಾರೆ. ಹಾಕಲಿ. ಬೆಳಗಿನ ಏಳು ಗಂಟೆ ದಾಟಿತ್ತು, ಬೆಳಕು ಬೇಕಾದಷ್ಟಿತ್ತು. ದೂರ ಎಂಬತ್ತು ಹೆಜ್ಜೆ ಇದ್ದೀತು.

ಮದುವೆ ಫೋಟೋ ನನ್ನ ಹೊಟ್ಟೆಪಾಡು, ಹಕ್ಕಿ ಫೋಟೋ ನನ್ನ ಹುಚ್ಚು. ರವಿವಾರ ಬಂತೆಂದರೆ ಗುತ್ತಲದ ಕಡೆ ಹೊಳೆ ದಂಡೆಗೋ, ರಾಣೇಬೆನ್ನೂರಿನ ಚಿಗರಿ ಕಾಡಿಗೋ ಗಾಡಿ ಹತ್ತುತ್ತಿದ್ದೆ. ಕೃಷ್ಣಮೃಗಕ್ಕೆ ನಮ್ಮ ಕಡೆ ಚಿಗರಿ ಎನ್ನುತ್ತಾರೆ. ಹೊಸದಾಗಿ ಕ್ಯಾಮೆರಾ ಕೊಂಡ ನಾಲ್ಕೈದು ಮಂದಿ ನನಗೆ ಗಂಟು ಬಿದ್ದಿದ್ದರು. ಅವರಿಗೆ ಸೆಟ್ಟಿಂಗ್ ಹೇಳಿಕೊಡಲು ಕೂತೆನೆಂದರೆ ನನಗೆ ಊಟದ ನೆನಪೂ ಆಗುತ್ತಿರಲಿಲ್ಲ. ಕೂತ ಹಕ್ಕಿಗೆ ಶಟರ್ ಸೆಕೆಂಡಿನ ಐನೂರನೇ ಒಂದು ಭಾಗ ಸಾಕು, ಹಾರುವ ಹಕ್ಕಿಗೆ ಎರಡು ಸಾವಿರದ ಕೆಳಗೆ ಇಳಿಯಬೇಡಿ. ಎರಿ ಹೊಲದಲ್ಲಿ ಕ್ಯಾಮೆರಾ ಕರಿ ಮಣ್ಣನ್ನು ಕಂಡು ಕತ್ತಲಾಯಿತೆಂದು ತಿಳಿದು ಚಿತ್ರವನ್ನು ಬೆಳ್ಳಗೆ ಮಾಡಿಬಿಡುತ್ತದೆ, ನೀವೇ ಬೆಳಕನ್ನು ಸ್ವಲ್ಪ ತಗ್ಗಿಸಿಕೊಳ್ಳಿ. ಬೆಳಕು ಸಾಲದೆ ಐಎಸ್ಒ ಏರಿಸಿ ಚಿತ್ರ ರವೆರವೆಯಾದರೂ ಚಿಂತೆಯಿಲ್ಲ, ಅಲುಗಿದ ಚಿತ್ರವನ್ನು ಮಾತ್ರ ಯಾರೂ ರಿಪೇರಿ ಮಾಡಲಾರರು. ಹೀಗೆ ನನ್ನ ಪುರಾಣ ಸಾಗುತ್ತಿತ್ತು. ಒಂದು ಕಡೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಹಕ್ಕಿ ಬರುವ ತನಕ ಕ್ಯಾಮೆರಾದ ಸೆಟ್ಟಿಂಗಿನ ಗಾಲಿ ತಿರುವುತ್ತಲೇ ಇರುತ್ತೇನೆ.

ಆ ವರ್ಷ ಹೊಸ ಕ್ಯಾಮೆರಾ ತಂದಿದ್ದೆ. ಹಕ್ಕಿಯ ಕಣ್ಣನ್ನು ತಾನೇ ಹುಡುಕುವ ಸೆಟ್ಟಿಂಗ್ ಅದರಲ್ಲಿತ್ತು. ಕಣ್ಣು ಸಿಕ್ಕ ಕೂಡಲೇ ಅದರ ಮೇಲೊಂದು ಸಣ್ಣ ಬಿಳಿ ಚೌಕ ಬಂದು ಕೂರುತ್ತದೆ; ಹಕ್ಕಿ ನಡೆದರೆ ಚೌಕವೂ ನಡೆಯುತ್ತದೆ. ನಾವು ಗುಂಡಿ ಒತ್ತಿದರಾಯಿತು. ಒಮ್ಮೊಮ್ಮೆ ಅದೂ ಬೇಸ್ತು ಬೀಳುವುದುಂಟು. ಕಲ್ಲಿನ ಮೇಲಿನ ಕಪ್ಪು ಚುಕ್ಕೆ, ಒಣ ಎಲೆಯ ತೂತು, ಇಂಥದ್ದರ ಮೇಲೆ ಚೌಕ ಹಾರಿ ಕೂತು, ಮರುಗಳಿಗೆಯಲ್ಲಿ ಇನ್ನೆಲ್ಲೋ ಜಿಗಿಯುತ್ತದೆ. ಆ ಸುಳ್ಳು ಚೌಕಗಳ ಚಡಪಡಿಕೆ ನನಗೆ ಚೆನ್ನಾಗಿ ಗೊತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇನ್ನು ಫಕ್ಕೀರಜ್ಜನ ವಿಷಯ. ಅವನು ಚಿಗರಿ ಕಾಡಿನಲ್ಲಿ ಬಹಳ ವರ್ಷ ದಿನಗೂಲಿ ಕಾವಲುಗಾರನಾಗಿದ್ದವನು. ವಯಸ್ಸಾಗಿ ಕೆಲಸ ಬಿಟ್ಟ ಮೇಲೂ ದಿನಾ ಬೆಳಗ್ಗೆ ಆ ಕಾಡಿನ ಹುಲ್ಲುಗಾವಲಿಗೆ ಹೋಗಿ ಬರುವುದನ್ನು ಬಿಟ್ಟಿರಲಿಲ್ಲ. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ಎಲ್ಲಿ ಕೂತರೆ ಚಿಗರಿಗಳು ಎದುರಿಗೇ ಬರುತ್ತವೆ ಎಂದು ನನಗೆ ತೋರಿಸಿಕೊಟ್ಟವನು ಅವನೇ. ಸ್ಟುಡಿಯೋದ ಗೋಡೆಯ ಮೇಲಿರುವ ನನ್ನ ಒಳ್ಳೆಯ ಚಿತ್ರಗಳಲ್ಲಿ ಅರ್ಧ ಅವನ ಪುಣ್ಯ. ನನ್ನನ್ನು ತಮಾಷೆಗೆ 'ಫೋಟೋ ಸಾವ್ಕಾರ್ರು' ಎಂದು ಕರೆಯುತ್ತಿದ್ದ.

ಒಂದು ಮುಂಜಾನೆ ಅವನ ಫೋನ್ ಬಂತು. ನಾನು ಮುಖಕ್ಕೆ ಸೋಪು ಹಚ್ಚಿಕೊಂಡಿದ್ದೆ, ಹೆಂಡತಿ ಸ್ಪೀಕರ್ ಹಾಕಿ ಹಿಡಿದಳು. "ಸಾವ್ಕಾರ್ರ, ಬೂತ ಬಂದೈತ್ರಿ! ಲಗೂ ಬರ್ರಿ!" ಎಂದ. ಹೆಂಡತಿ ಫೋನನ್ನು ಕೆಂಡ ಮುಟ್ಟಿದವಳಂತೆ ಕೆಳಗಿಟ್ಟು, "ಎದ್ದ ಗಳಿಗ್ಯಾಗ ಯಾವ ಬೂತರಿ ಇದು?" ಎಂದಳು. ಅವಳಿಗೆ ನಗುತ್ತಾ ವಿವರಿಸಿದೆ. ಎರಿಬೂತ ಒಂದು ಹಕ್ಕಿ. ಎದ್ದು ನಿಂತರೆ ಮನುಷ್ಯನ ಸೊಂಟದೆತ್ತರ, ಉದ್ದ ಬಿಳಿ ಕುತ್ತಿಗೆ, ತಲೆಯ ಮೇಲೆ ಕರಿ ಟೋಪಿ. ಎರಿ ಮಣ್ಣಿನ ಬಯಲಿನಲ್ಲಿ ಈಗ ಇತ್ತು, ಈಗ ಇಲ್ಲ ಎನ್ನುವ ಹಾಗೆ ಓಡಾಡುತ್ತದೆಂದು ಹಳಬರು ಆ ಹೆಸರಿಟ್ಟಿರಬೇಕು. ಹಿಂದೆ ಈ ಕಡೆ ಇತ್ತಂತೆ. ನಾನು ಒಂದನ್ನೂ ಕಂಡವನಲ್ಲ. ನಮ್ಮ ಭಾಗದಲ್ಲಿ ಅದು ಮುಗಿದೇ ಹೋಯಿತೆಂದು ಬಲ್ಲವರೆಲ್ಲ ಹೇಳುತ್ತಿದ್ದರು.

ಹಕ್ಕಿಯ ಜೊತೆ ಅದರ ಹೆಸರೂ ಹೋಗಿಬಿಟ್ಟಿತ್ತು. ನನ್ನ ಹೆಂಡತಿ ಮಾಡಿದ ತಪ್ಪನ್ನೇ ಅಜ್ಜನ ಓಣಿಯವರೂ ಮಾಡಿದ್ದರು. ಹದಿನೈದು ದಿನದಿಂದ ಅವನು ಕಂಡ ಕಂಡವರಿಗೆ "ಬೂತ ಕಂಡೆ, ಬೂತ ನನ್ನ ನೋಡ್ತು" ಎನ್ನುತ್ತಿದ್ದ. ಜನ ಅದನ್ನು ಹೇಗೆ ತಿಳಿದುಕೊಳ್ಳಬೇಕೋ ಹಾಗೇ ತಿಳಿದುಕೊಂಡರು. ಮುಂದಿನ ರವಿವಾರ ಬೆಳಕು ಹರಿಯುವ ಮೊದಲು ನಾನು ಅವನ ಮನೆ ಮುಟ್ಟಿದಾಗ ಅವನ ತೋಳಿನಲ್ಲಿ ಹೊಸದೊಂದು ತಾಯತವಿತ್ತು. ಅವನು ಒಳಗೆ ಚಪ್ಪಲಿ ಹುಡುಕುತ್ತಿದ್ದಾಗ ಮಗಳು ರೇಣವ್ವ ನನ್ನನ್ನು ಹೊರಗೆ ಕರೆದಳು. ಅಪ್ಪ ಮಗಳು ಇಬ್ಬರದೇ ಸಂಸಾರ. ಅವಳು ದಿನಾ ಬಸ್ಸಿನಲ್ಲಿ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಮಾಡುತ್ತಿದ್ದಳು.

"ಅಣ್ಣಾರ, ನಂಗ ಆ ಹಕ್ಕಿ ಹೆಸರು ಗೊತ್ತೈತ್ರಿ, ಸಣ್ಣಾಕಿ ಇದ್ದಾಗ ಕೇಳೇನಿ," ಎಂದಳು. "ಆದ್ರ ಅದು ಈಗಿಲ್ಲ ಅಂತಾರಲ್ರಿ ಎಲ್ಲಾರೂ. ಇಲ್ಲದ್ದು ಅಪ್ಪಗ ಹೆಂಗ ಕಾಣಾಕತ್ತೈತಿ? ಓಣ್ಯಾಗ ಮಂದಿ ಧಾರವಾಡಕ್ಕ ಒಯ್ಯಿ ಅನ್ನಾಕತ್ತಾರ್ರಿ." ಹುಚ್ಚಿನ ದವಾಖಾನೆಗೆ ಎಂದು ಅದರ ಅರ್ಥ. "ನೀವ ಒಂದ ಸಲ ಅವನ ಕೂಡ ಹೋಗಿ ನೋಡ್ರಿ. ಐತಿ ಅಂದ್ರ ನಾ ಮಂದಿ ಬಾಯಿ ಮುಚ್ಚಸ್ತೇನಿ. ಇಲ್ಲ ಅಂದ್ರ ಬ್ಯಾಡಗ್ಯಾಗ ಒಂದ ಖೋಲಿ ಹಿಡದು ಅವನ್ನ ಅಲ್ಲೇ ಇಟಗೋತೇನಿ. ಕಣ್ಣ ಮುಂದರ ಇರ್ತಾನ."

ಹುಲ್ಲುಗಾವಲು ಬಿಡಿಸಿದರೆ ಅಜ್ಜನಿಗೆ ಉಳಿಯುವುದೇನೂ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನೋಡಿ ಖರೇ ಇದ್ದದ್ದನ್ನೇ ಹೇಳುತ್ತೇನೆಂದು ಮಾತು ಕೊಟ್ಟೆ.

ನಾನೂ ಅಜ್ಜನೂ ಹುಲ್ಲುಗಾವಲಿಗೆ ಹೋಗಿ ಒಂದು ಜಾಲಿಗಿಡದ ಮರೆಯಲ್ಲಿ ಕೂತೆವು. ಅಜ್ಜ ನನಗಿಂತ ನಾಲ್ಕು ಹೆಜ್ಜೆ ಮುಂದೆ, ನನಗೆ ಬೆನ್ನು ಮಾಡಿ, ಮೊಳಕಾಲು ಅಪ್ಪಿ ಕೂತಿದ್ದ. ಎದುರಿಗೆ ಒಣ ಹುಲ್ಲಿನ ಬಯಲು, ನಡುವೆ ಒಂದೆರಡು ಪೊದೆ, ದೂರದಲ್ಲಿ ನೀಲಗಿರಿ ಸಾಲು. ನಾನು ಶಟರನ್ನು ಎಂಟು ನೂರಕ್ಕೆ ಇಟ್ಟೆ. ಸಾಲದೆನಿಸಿ ಸಾವಿರಕ್ಕೆ ಏರಿಸಿದೆ. ಬೆಳಕು ತಗ್ಗಿಸಿದೆ, ಪರೀಕ್ಷೆಗೊಂದು ಚಿತ್ರ ತೆಗೆದೆ, ಮತ್ತೆ ಏರಿಸಿದೆ. ಕಣ್ಣು ಹುಡುಕುವ ಸೆಟ್ಟಿಂಗ್ ಹಾಕಿದೆ. ಸದ್ದಾಗದಂತೆ ಶಟರಿನ ಬಾಯಿ ಕಟ್ಟಿದೆ. ಅರ್ಧ ತಾಸು ಇದೇ ನಡೆಯಿತು. ಅಜ್ಜ ತಿರುಗಿ ನೋಡದೆಯೇ, "ಸಾವ್ಕಾರ್ರ, ಆ ಗಾಲಿ ತಿರುವೂದ ಬಿಡ್ರಿ, ಸುಮ್ಕ ಕುಂದ್ರಿ," ಎಂದ.

ಬಿಸಿಲು ಬಿದ್ದಿತ್ತು. ಅಜ್ಜ ಉಸಿರಿನಲ್ಲೇ "ಬಂತು" ಎಂದ.

ನನಗೆ ಏನೂ ಕಾಣಲಿಲ್ಲ. ಬರಿಗಣ್ಣಿಗೆ ಹುಲ್ಲು, ಕ್ಯಾಮೆರಾದೊಳಗೂ ಹುಲ್ಲು. ಲೆನ್ಸನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಆಡಿಸಿದೆ. ಆಗ ಬಿಳಿ ಚೌಕ ಬಂದು ಕೂತಿತು. ಹುಲ್ಲಿನ ಮೇಲಲ್ಲ, ಪೊದೆಯ ಮೇಲಲ್ಲ. ಹುಲ್ಲಿನ ತುದಿಗಿಂತ ಒಂದು ಮೊಳ ಮೇಲೆ, ಬರೀ ಗಾಳಿಯಲ್ಲಿ.

ಸುಳ್ಳು ಚೌಕವೆಂದು ಮೊದಲು ಅಲಕ್ಷ್ಯ ಮಾಡಿದೆ. ಆದರೆ ಅದು ಜಿಗಿಯಲಿಲ್ಲ. ನಡೆಯಿತು. ನಾಲ್ಕು ಹೆಜ್ಜೆಯಷ್ಟು ಬಲಕ್ಕೆ ಸರಿಯಿತು, ನಿಂತಿತು, ಸ್ವಲ್ಪ ಮೇಲೆದ್ದಿತು. ಮುಂದೆ ಕೂತಿದ್ದ ಅಜ್ಜ, "ನಿಂತು ನೋಡಾಕತ್ತೈತಿ... ಕುತ್ತಿಗಿ ಎತ್ತೇತಿ" ಎಂದು ಪಿಸುಗುಟ್ಟಿದ. ಚೌಕ ಮತ್ತೆ ಕೆಳಗಿಳಿದು ಸರಿಯತೊಡಗಿತು. "ಹೊಂಟಿತು," ಎಂದ. ಪೊದೆಯ ಹತ್ತಿರ ಬಂದು ಚೌಕ ಮಾಯವಾಯಿತು. "ಗಿಡದ ಹಿಂದ ಹೋತು," ಎಂದ. ನಾನು ಉಸಿರು ಬಿಗಿಹಿಡಿದು ಪೊದೆಯ ಇನ್ನೊಂದು ಮಗ್ಗುಲಿಗೆ ಲೆನ್ಸ್ ತಿರುಗಿಸಿದೆ. "ಬಂತು ನೋಡ್ರಿ," ಎಂದು ಅವನು ಹೇಳಿದ್ದಕ್ಕೂ ಅಲ್ಲಿ ಚೌಕ ಮೂಡಿದ್ದಕ್ಕೂ ಅಂತರವೇ ಇರಲಿಲ್ಲ.

ಗುಂಡಿ ಒತ್ತಿಯೇ ಇದ್ದೆ, ಚಿತ್ರಗಳು ಓಡುತ್ತಿದ್ದವು. ನನಗೆ ಹೆದರಿಕೆಯಾಯಿತು, ಮುಚ್ಚಿಡುವುದೇನಿದೆ. ಕಾಣದ ಒಂದು ಕಣ್ಣು ಎಂಬತ್ತು ಹೆಜ್ಜೆ ದೂರದಿಂದ ನನ್ನನ್ನು ನೋಡುತ್ತಿದೆ ಎನಿಸಿದರೆ ಯಾರಿಗಾದರೂ ಏನಾಗುತ್ತದೋ ಅದೇ ಆಯಿತು. ಆಗ ನನಗೆ ತೋಚಿದ್ದು, ನಾನು ಹೊಸಬರಿಗೆ ಹೇಳಿಕೊಡುವ ಮಾತು. ಕ್ಯಾಮೆರಾ ಬೇಸ್ತು ಬಿದ್ದರೆ ಕಣ್ಣು ಹುಡುಕುವುದನ್ನು ಬಂದ್ ಮಾಡಿ, ನಡುವಿನ ಒಂದೇ ಬಿಂದುವಿಗೆ ಬನ್ನಿ. ಹೆಬ್ಬೆರಳು ತಾನಾಗಿಯೇ ಹೋಗಿ ಆ ಸೆಟ್ಟಿಂಗನ್ನು ಬಂದ್ ಮಾಡಿತು.

ಚೌಕ ಆರಿತು. ಎದುರಿಗೆ ಬರೀ ಹುಲ್ಲು. ಅಜ್ಜ ಉದ್ದಕ್ಕೆ ಉಸಿರು ಬಿಟ್ಟು, "ಹೋತು," ಎಂದ.

ಗಡಿಬಿಡಿಯಿಂದ ಮತ್ತೆ ಹಾಕಿದೆ. ಏನೂ ಸಿಗಲಿಲ್ಲ. ಮತ್ತೆ ಒಂದು ತಾಸು ಕೂತೆವು, ಬಿಸಿಲು ಏರಿತು, ನಾಲ್ಕು ಚಿಗರಿ ಬಂದು ಹೋದವು. ಅಜ್ಜ ಎದ್ದು ಮೊಳಕಾಲು ಝಾಡಿಸಿಕೊಂಡು ನನ್ನ ಮುಖ ನೋಡಿದ. ಅಷ್ಟು ಖುಷಿಯ ಮುಖವನ್ನು ನಾನು ಮದುವೆ ಮನೆಗಳಲ್ಲೂ ಕಂಡಿಲ್ಲ. "ಕಂಡತಲ್ರಿ?" ಎಂದ. "ತಡಿ ಅಜ್ಜ, ನೋಡೋಣು," ಎಂದು ಮಾತು ತೇಲಿಸಿದೆ.

ಅಜ್ಜನ ಮನೆಯ ಕಟ್ಟೆಯ ಮೇಲೆ ಕೂತು ಒಂದೊಂದೇ ಚಿತ್ರ ನೋಡಿದೆ. ರೇಣವ್ವ ಬಾಗಿಲಿಗೆ ಒರಗಿ ನಿಂತಿದ್ದಳು. ಎಲ್ಲದರಲ್ಲೂ ಹುಲ್ಲು, ಪೊದೆ, ಹಿಂದೆ ಮಸುಕಾದ ನೀಲಗಿರಿ. ಹಕ್ಕಿ ಇರಲಿ, ಹಕ್ಕಿಯ ಪುಕ್ಕವೂ ಇಲ್ಲ. ಅವಳು ಕೇಳಿದಳು: "ಖರೇ ಹೇಳ್ರಿ ಅಣ್ಣಾರ. ಇತ್ತೋ ಇಲ್ಲೋ?"

"ಏನೂ ಇಲ್ಲವ್ವ. ಬರೇ ಹುಲ್ಲು," ಎಂದೆ.

ಚೌಕದ ಮಾತು ಎತ್ತಲಿಲ್ಲ. ಎತ್ತಿದರೆ ನನ್ನನ್ನೂ ಧಾರವಾಡಕ್ಕೆ ಒಯ್ಯಿ ಎಂದಾರೆಂಬ ಅಳುಕು ಒಂದು. ಚಿತ್ರದಲ್ಲಿ ಇಲ್ಲದ್ದನ್ನು ಇದೆ ಎನ್ನಬಾರದೆಂಬ ನನ್ನ ಹಠ ಇನ್ನೊಂದು. ಅಜ್ಜ ಜಗಳ ಮಾಡಲಿಲ್ಲ. "ಹೌದೇನ್ರಿ," ಎಂದಷ್ಟೇ ಅಂದು ಒಳಗೆ ಹೋದ. ತಿಂಗಳೊಳಗೆ ಅವರು ಬ್ಯಾಡಗಿ ಸೇರಿದರು.

ನನಗೆ ಮಾತ್ರ ಸಮಾಧಾನವಿರಲಿಲ್ಲ. ಚಿತ್ರ ತೆಗೆದಾಗ ಚೌಕ ಎಲ್ಲಿತ್ತೆಂಬುದನ್ನು ಕ್ಯಾಮೆರಾ ಗುರುತು ಮಾಡಿಟ್ಟಿರುತ್ತದೆ. ಕಂಪ್ಯೂಟರಿನಲ್ಲಿ ಅವನ್ನೆಲ್ಲ ಸಾಲಾಗಿ ನೋಡಿದರೆ ಒಂದು ನಡಿಗೆಯೇ ಕಾಣುತ್ತದೆ. ನಡೆದದ್ದು, ನಿಂತದ್ದು, ಕುತ್ತಿಗೆ ಎತ್ತಿದ್ದು, ಪೊದೆಯ ಹಿಂದೆ ಮರೆಯಾದದ್ದು. ಬಿಸಿಲಿನ ಝಳ ಇರಬಹುದೇ ಎಂದು ಯೋಚಿಸಿದೆ. ಅಷ್ಟು ಬೆಳಗ್ಗೆ ಝಳವೆಲ್ಲಿ? ಜೇಡರ ಬಲೆಯೇ? ಬಲೆ ನಡೆಯುವುದಿಲ್ಲ. ಹುಬ್ಬಳ್ಳಿಯಲ್ಲಿ ರಿಪೇರಿಯವನಿಗೆ ತೋರಿಸಿದೆ, ಕ್ಯಾಮೆರಾದಲ್ಲಿ ದೋಷವಿಲ್ಲ ಎಂದ. ಅಜ್ಜ ನನ್ನ ಲೆನ್ಸ್ ತಿರುಗಿದ ಕಡೆ ನೋಡಿ ಹೇಳಿದನೆನ್ನೋಣವೆಂದರೆ ಅವನು ನನಗೆ ಬೆನ್ನು ಮಾಡಿ ಕೂತಿದ್ದ. ಅದೇ ಜಾಗಕ್ಕೆ, ಅದೇ ಹೊತ್ತಿಗೆ, ಅದೇ ಸೆಟ್ಟಿಂಗಿನಲ್ಲಿ ಮೂರು ರವಿವಾರ ಹೋಗಿ ಕೂತೆ. ಒಮ್ಮೆಯೂ ಚೌಕ ಮೂಡಲಿಲ್ಲ. ಮನೆಯಲ್ಲಿ ಹೆಂಡತಿ ನಿದ್ದೆ ಬರದೆ ಹೊರಳಾಡುವ ನನ್ನನ್ನು ಕಂಡು ಬೈದಳು.

ಕೊನೆಗೆ ತಡೆಯಲಾರದೆ ಬ್ಯಾಡಗಿಗೆ ಹೋದೆ. ತಪ್ಪಾಯಿತು, ನಿನ್ನದೇ ಖರೇ ಇರಬಹುದು ಎಂದು ಅಜ್ಜನಿಗೆ ಹೇಳಬೇಕಿತ್ತು. ಒಂದು ಗೋದಾಮಿನ ನೆರಳಿನಲ್ಲಿ ಕೆಂಪು ರಾಶಿಯ ಮುಂದೆ ಹೆಂಗಸರ ನಡುವೆ ಅವನೂ ಕೂತು ತೊಟ್ಟು ಬಿಡಿಸುತ್ತಿದ್ದ. ನಾನು ಸೀನುತ್ತಲೇ ಪಕ್ಕದಲ್ಲಿ ಕೂತು, ಚೌಕದ ವಿಷಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಫೋನಿಗೆ ಹಾಕಿಕೊಂಡು ಬಂದಿದ್ದ ಚಿತ್ರಗಳನ್ನು ಅವನ ಮುಂದೆ ಹಿಡಿದೆ.

ಅಜ್ಜ ಫೋನಿನ ಕಡೆ ನೋಡಲಿಲ್ಲ. ಮೊಣಕೈಯಿಂದ ನನ್ನ ಕೈಯನ್ನು ಮೆಲ್ಲಗೆ ಸರಿಸಿದ. "ಯಾವ ಬೂತರಿ ಸಾವ್ಕಾರ್ರ? ಆವಾಗ ನನ್ನ ತಲಿ ಸರಿ ಇರಲಿಲ್ಲ. ನೀವು ಖರೇ ಹೇಳಿದ್ರಿ, ಚಲೋ ಆತು. ಈಗ ಆರಾಮ ಅದೇನಿ," ಎಂದ. ಬಿಡಿಸಿದ ಕಾಯಿ ಒಂದು ಕಡೆ, ತೊಟ್ಟು ಒಂದು ಕಡೆ ಹಾಕುತ್ತಾ ಹೋದ. ರೇಣವ್ವ ಚಹಾ ತಂದು ಕೊಟ್ಟು, "ನಿಮ್ಮಿಂದ ನಮ್ಮಪ್ಪ ಸುಧಾರಿಸಿದ ನೋಡ್ರಿ ಅಣ್ಣಾರ," ಎಂದು ಕಣ್ಣು ಒರೆಸಿಕೊಂಡಳು. ಅದು ಮೆಣಸಿನಕಾಯಿಯ ಘಾಟಿಗೋ ಏನೋ, ಅಲ್ಲಿ ಎಲ್ಲರ ಕಣ್ಣಲ್ಲೂ ನೀರಿತ್ತು.

ಆ ಬೆಳಗ್ಗೆ ಹುಲ್ಲಿನಲ್ಲಿ ಏನಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ. ಅದನ್ನು ಕಂಡೆ ಎನ್ನುತ್ತಿದ್ದವನು ಲೋಕದಲ್ಲಿ ಒಬ್ಬನೇ ಇದ್ದ. ಈಗ ಅವನೂ ಕಂಡಿಲ್ಲ ಎನ್ನುತ್ತಾನೆ.