ಸಿಪಿಲೆ ಬಾರದ ಚಳಿಗಾಲ

ಕಬ್ಬಾಳಿನ ಬೆಟ್ಟದ ಬುಡದಲ್ಲಿ, ಮುಚ್ಚಿಹೋದ ಶಾಲೆಯೊಂದರ ಎರಡು ಕೋಣೆಗಳಲ್ಲಿ ನಿಸರ್ಗ ಕೇಂದ್ರ ನಡೆಯುತ್ತದೆ. ಧನುರ್ಮಾಸದ ನಾಲ್ಕು ಭಾನುವಾರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸುತ್ತಲ ಊರುಗಳ ಮಕ್ಕಳು ಸ್ವೆಟರು, ಟೋಪಿ ಏರಿಸಿಕೊಂಡು ಬಂದು ಮಣ್ಣಿನಲ್ಲಿ ಮೊಲದ ಹೆಜ್ಜೆ ಹುಡುಕುತ್ತಾರೆ. ಇಬ್ಬನಿ ಬಿದ್ದ ಅವರೆಕಾಯಿ ಮೂಸಿ ಸೊಗಡು ಅಂದರೇನೆಂದು ಕಲಿಯುತ್ತಾರೆ. ಚಳಿಗೆ ಎಲ್ಲಿಂದಲೋ ಬರುವ ಹಕ್ಕಿಗಳ ಹೆಸರು ಬಾಯಿಪಾಠ ಮಾಡುತ್ತಾರೆ. ಸಂಕ್ರಾಂತಿ ಬಂತೋ, ದೊಡ್ಡ ಕೋಣೆಗೆ ಬೀಗ. ಆಮೇಲೆ ಅಲ್ಲಿ ಉಳಿಯುವವಳು ಚಿಕ್ಕ ಕೋಣೆಯ ಲತಾಮಣಿ ಒಬ್ಬಳೇ.

ಲತಾಮಣಿ ಕುದೂರಿನವಳು. ಅಡುಗೆಗೆಂದು ಎರಡು ದಿನಕ್ಕೆ ಬಂದವಳು ಕಾವಲಿಗೆಂದು ಏಳು ವರ್ಷ ಉಳಿದುಬಿಟ್ಟಳು. ಮದುವೆ ಕೂಡಿಬರಲಿಲ್ಲ. ಯಾಕೆ ಎಂದು ಕೇಳುವವರು ಮೊದಲು ಊರ ತುಂಬ ಇದ್ದರು, ಐವತ್ತು ದಾಟಿದ ಮೇಲೆ ಅವರೂ ಕೇಳುವುದನ್ನು ಬಿಟ್ಟರು. ಕೇಳಿದಾಗ ಬರುತ್ತಿದ್ದ ಸಿಟ್ಟೇ ವಾಸಿಯಾಗಿತ್ತು ಅಂತ ಅವಳಿಗೆ ಈಗ ಅನ್ನಿಸುತ್ತದೆ.

ಅವಳಿಗೆ ಜೊತೆ ಎಂದರೆ ಒಂದು ಸಿಪಿಲೆ ಹಕ್ಕಿ. ಬೂದು ಬೆನ್ನು, ಹಳದಿ ಹೊಟ್ಟೆ, ಒಂದು ಗಳಿಗೆ ಸುಮ್ಮನಿರದ ಬಾಲ. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಬಂದು, ನೀರಿನ ತೊಟ್ಟಿಯ ಪೈಪು ಸೋರಿ ಆದ ಕೆಸರಿನಲ್ಲಿ ಹುಳ ಹೆಕ್ಕುತ್ತಿತ್ತು. "ಬಂದ್ಯೇನವ್ವ, ದಾರೀಲಿ ಊಟ ಗೀಟ ಸಿಕ್ತಾ?" ಎಂದು ಅವಳು ಪಾತ್ರೆ ತೊಳೆಯುತ್ತ ವಿಚಾರಿಸುವಳು.

ಕೇಂದ್ರದಲ್ಲಿ ಒಂದು ಪುಸ್ತಕವಿದೆ. ಆ ಚಳಿಗಾಲದಲ್ಲಿ ಸಿಪಿಲೆಯನ್ನು ಮೊದಲು ಕಂಡ ಮಗು ಅದರಲ್ಲಿ ತನ್ನ ಹೆಸರು, ಊರು, ತಾರೀಖು, ಜೊತೆಯಲ್ಲಿದ್ದವರ ಹೆಸರು ಬರೆಯಬೇಕು. ಲತಾಮಣಿ ಎರಡು ತಿಂಗಳು ಮೊದಲೇ ಕಂಡಿದ್ದರೂ ಒಮ್ಮೆಯೂ ಬಾಯಿ ಬಿಟ್ಟವಳಲ್ಲ. ಮೊದಲ ಭಾನುವಾರ, "ಒಸಿ ನೀರ್ ತಕಂಬನ್ರವ್ವ" ಎಂದು ಮಕ್ಕಳನ್ನು ತೊಟ್ಟಿಯ ಕಡೆ ಕಳಿಸಿ, ತಾನು ಸದ್ದಿಲ್ಲದೆ ಹಿಂದೆ ನಿಲ್ಲುವಳು.

ಈ ಸಲ ಗೌರಿ ಹಬ್ಬಕ್ಕೆ ಮುಂಚೆ ಕೇಂದ್ರ ನಡೆಸುವ ಅನಂತರಾಜು ಮೇಷ್ಟ್ರು ಕನಕಪುರದಿಂದ ಫೋನು ಮಾಡಿದರು. "ನೋಡಕ್ಕೆ ಯಾರೋ ದೊಡ್ಡೋರು ಬತ್ತಾವ್ರೆ. ಒಸಿ ನೀಟಾಗಿ ಮಡಗಮ್ಮ." ಅವರು ಹೇಳಿದ್ದು ಕಸ ಗುಡಿಸಲು. ಈ ಪುಣ್ಯಾತ್ಗಿತ್ತಿ ನಲ್ಲಿ ಕೆಲಸದ ಮುನೇಶನನ್ನು ಕರೆಸಿ ಪೈಪು ರಿಪೇರಿ ಮಾಡಿಸಿ, ಕೆಸರಿನ ಮೇಲೆ ಚಪ್ಪಡಿ ಹಾಸಿಸಿದಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದೆಂದರೆ ಇದೇ. ಬಂದ ದೊಡ್ಡವರು ಟೀ ಕುಡಿದು, ಫೋಟೊ ತೆಗೆಸಿಕೊಂಡು ಹೋದರು. ತೊಟ್ಟಿಯ ಕಡೆ ತಲೆಯನ್ನೂ ಹಾಕಲಿಲ್ಲ.

ಮಹಾಲಯ ಕಳೆಯಿತು, ದೀಪಾವಳಿ ಕಳೆಯಿತು, ಸಿಪಿಲೆ ಬರಲಿಲ್ಲ. ದಾರಿಯಲ್ಲೆಲ್ಲೋ ಸತ್ತೇಹೋಯಿತೇನೋ ಎಂದು ಅವಳು ಅನ್ನ ಮುಂದಿಟ್ಟುಕೊಂಡು ಕೂತುಬಿಡುವಳು. ಯಾರ ಹತ್ತಿರ ಹೇಳಿಕೊಳ್ಳುವುದು? ಹಕ್ಕಿ ಬರಲಿಲ್ಲವೆಂದು ಅತ್ತರೆ ನಗುವವರೇ ಹೆಚ್ಚು. ಧನುರ್ಮಾಸ ಹಿಡಿದು ಮಕ್ಕಳು ಬಂದರು. ಮೂರು ಭಾನುವಾರ ತೊಟ್ಟಿ ಸುತ್ತಿ ಬರಿಗೈಲಿ ಹಿಂದಿರುಗಿದರು.

ಕೊನೆಯ ಭಾನುವಾರ ದೊಡ್ಡಆಲಹಳ್ಳಿಯ ಪ್ರತಿಮಾ, ಐದನೇ ಕ್ಲಾಸಿನವಳು, ಚಪ್ಪಡಿಯ ಮೇಲೆ ನಿಂತು ಕೇಳಿದಳು. "ಲತಕ್ಕ, ಹೋದ್ವರ್ಸ ಇಲ್ಲಿ ಜಾರ್ಬಿದ್ದು ಲಂಗ ಎಲ್ಲ ಕೆಸ್ರು ಮಾಡ್ಕಂಡಿದ್ದೆ. ಆ ಕೆಸ್ರು ಎಲ್ಲೋಯ್ತು?"

"ಗಲೀಜು ಕಾಣ್ತದೆ ಅಂತ ಮುಚ್ಚಿಸ್ಬುಟ್ಟೆ ಕಣವ್ವ."

"ಅಂಗಾರೆ ಅದು ಬಂದ್ರೂ ಹುಳ ಎಲ್ಲಿ ತಿಂತದೆ?"

ಮೇಷ್ಟ್ರಿಗೆ ಹೊಳೆಯದ್ದು ಹುಡುಗಿಗೆ ಹೊಳೆದಿತ್ತು. ಲತಾಮಣಿಗೂ ಈಗ ತಿಳಿಯಿತು. ತನಗಿದ್ದ ಒಂದು ಜೊತೆಯನ್ನು ತಾನೇ ಕೈಯಾರೆ ಓಡಿಸಿದ್ದಳು. ಅವತ್ತು ಮಕ್ಕಳಿಗೆ ಎಳ್ಳುಬೆಲ್ಲ ಹಂಚುವಾಗ ಅವಳು ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ.

ಮಕ್ಕಳ ಕೊನೆಯ ಬಸ್ಸು ಹೋದದ್ದೇ ತಡ, ಹಾರೆ ತಂದು ಚಪ್ಪಡಿಗಳನ್ನು ಮೀಟಿದಳು. ಮೇಷ್ಟ್ರಿಗೆ ಹೇಳಲಿಲ್ಲ. ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು, ಕೈ ತೊಳೆದ ನೀರು, ಎಲ್ಲವನ್ನೂ ಅಲ್ಲಿಗೇ ಸುರಿದಳು. ಮಣ್ಣು ಮೆತ್ತಗಾಯಿತು, ಸೊಳ್ಳೆ ಎದ್ದವು. ಸೊಳ್ಳೆ ಕಂಡು ಸಂತೋಷಪಟ್ಟ ಹೆಂಗಸು ಆ ಸೀಮೆಯಲ್ಲಿ ಇವಳೊಬ್ಬಳೇ ಇರಬೇಕು.

ಸಂಕ್ರಾಂತಿ ಕಳೆದು ಹದಿನೈದನೇ ದಿನ ಬೆಳಿಗ್ಗೆ, ಬೆಟ್ಟದ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ, ಬೋಸಿ ಹಿಡಿದು ಹೊರಗೆ ಬಂದವಳು ನಿಂತಲ್ಲೇ ನಿಂತಳು. ಕೆಸರಿನ ಅಂಚಿನಲ್ಲಿ ಹಳದಿ ಹೊಟ್ಟೆ, ಕುಣಿಯುವ ಬಾಲ. ಹಳೆಯದೋ ಹೊಸದೋ, ಬಂದಿತ್ತು. "ನೋಡ್ರವ್ವ" ಎಂದು ಪಿಸುಗುಟ್ಟಿ ಹಿಂದಕ್ಕೆ ತಿರುಗಿದಳು. ಹಿಂದೆ ಯಾರೂ ಇರಲಿಲ್ಲ.

ಮೇಷ್ಟ್ರಿಗೆ ಫೋನು ಮಾಡಿದಳು. "ಒಳ್ಳೇದಾಯ್ತಮ್ಮ, ಮೀಟಿಂಗಲ್ಲಿವ್ನಿ" ಎಂದು ಇಟ್ಟರು.

ಬೀಗ ತೆಗೆದು ಪುಸ್ತಕ ಬಿಚ್ಚಿದಳು. ಏಳು ವರ್ಷದ ಹಾಳೆಗಳನ್ನು ತಿರುವಿದಳು. ಜೊತೆಯಲ್ಲಿದ್ದವರ ಸಾಲಿನಲ್ಲಿ ಮಕ್ಕಳು ಒಬ್ಬರ ಹೆಸರನ್ನು ಒಬ್ಬರು ಬರೆದುಕೊಂಡಿದ್ದರು. ಪ್ರತಿ ಸಲವೂ ಅವರ ಬೆನ್ನ ಹಿಂದೆಯೇ ನಿಂತಿದ್ದ ಅವಳ ಹೆಸರು ಒಂದು ಕಡೆಯೂ ಇರಲಿಲ್ಲ. ಮಕ್ಕಳ ಮೇಲೆ ಅವಳಿಗೆ ಕೋಪವೇನೂ ಬರಲಿಲ್ಲ.

ಪೆನ್ನು ಹಿಡಿದು ಹೆಸರು ಬರೆದಳು, ಊರು ಬರೆದಳು, ಕ್ಯಾಲೆಂಡರು ನೋಡಿ ತಾರೀಖು ಹಾಕಿದಳು. ಜೊತೆಯಲ್ಲಿದ್ದವರು ಎಂಬ ಕಡೆ ಮಕ್ಕಳಷ್ಟೇ ದುಂಡಗೆ ಬರೆದಳು: ಒಬ್ಬಳೇ.